ಒಬ್ಬರ ದೋಣಿ, ಇಬ್ಬರ ದೋಣಿ

ಚಿಂಚೋಳಿಯಿಂದ ಶಹಾಬಾದಿನವರೆಗೆ ನಮ್ಮ ಸೀಮೆಯಲ್ಲಿ ಕಲ್ಲಿದೆ, ತೊಗರಿಯಿದೆ, ಸಿಮೆಂಟಿನ ಧೂಳಿದೆ. ನೀರೆಂದರೆ ಕಾಗಿಣಾ ಹೊಳೆ, ಅದೂ ಮಳೆಗಾಲದ ಮಾತು. ಇಂಥ ಊರಿನಲ್ಲಿ ಇತಿಹಾಸ ಪಾಠ ಮಾಡಿಕೊಂಡಿರುವ ನನಗೆ ಒಂದು ರಾತ್ರಿ ಆಸ್ಟ್ರೇಲಿಯಾದ ಪರ್ತ್‌ನಿಂದ ಫೋನು ಬಂತು. ನನ್ನ ತಮ್ಮನ ಮಗಳು. ಶಹಾಬಾದಿನಲ್ಲಿ ಬೆಳೆದವಳು, ಕೆಲಸಕ್ಕೆಂದು ಹೋದವಳು, ಅಲ್ಲಿಯ ಸ್ವಾನ್ ನದಿಯಲ್ಲಿ ಹಾಯಿದೋಣಿ ನಡೆಸಲು ಕಲಿತಿದ್ದಾಳೆ.

"ಅತ್ತಿ, ರೇಸಿನ ಕ್ಯಾಟಮರಾನ್ ತಗೋಬೇಕಂತ ಮಾಡೀನಿ. ಒಬ್ಬಾಕಿನೇ ನಡೆಸೋದು ತಗೊಳ್ಳಲೋ, ಇಬ್ಬರು ನಡೆಸೋದು ತಗೊಳ್ಳಲೋ?"

ನನಗೆ ಈಜೂ ಬಾರದು. ಮರುದಿನ ಬೆಳಿಗ್ಗೆ ತಮ್ಮನ ಫೋನು: "ಅಕ್ಕಾ, ಒಬ್ಬಾಕಿನೇ ನೀರಾಗ ಹೋಗಬ್ಯಾಡ ಅಂತ ನೀನರೆ ಹೇಳು." ಮಗಳಿಗೆ ಇಪ್ಪತ್ತೇಳಾಯಿತು, ಇನ್ನೂ ಮದುವೆಯಿಲ್ಲ. ಅವನು ಬರೀ ದೋಣಿಯ ಮಾತು ಆಡುತ್ತಿಲ್ಲವೆಂದು ನನಗೂ ಗೊತ್ತಿತ್ತು. ಏನಾದರೂ ಹೇಳುವ ಮೊದಲು ಓದಿ ನೋಡೋಣವೆಂದು ಕೂತೆ.

ಹೆಸರೇ ನಮ್ಮ ಮನೆಯದು. ತಮಿಳಿನ ಕಟ್ಟುಮರ. ಕನ್ನಡದಲ್ಲೂ ಅರ್ಥ ಹೇಳಬೇಕಾಗಿಲ್ಲ, ಕಟ್ಟಿದ ಮರ. ಕೋರಮಂಡಲ ತೀರದ ಮೀನುಗಾರರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಸಮುದ್ರಕ್ಕೆ ಇಳಿಯುತ್ತಿದ್ದರು. 1697ರಲ್ಲಿ ಅಚ್ಚಾದ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರನ ಪ್ರವಾಸ ಕಥನದಲ್ಲೇ ಈ ಮಾತು ಬರುತ್ತದೆ. ಆದರೆ ಇಂದು ಕ್ಯಾಟಮರಾನ್ ಎಂದರೆ ಎರಡು ತೆಳ್ಳನೆಯ ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ ದೋಣಿ. ಅದು ಪೆಸಿಫಿಕ್ ದ್ವೀಪದವರ ವಿದ್ಯೆ. ವಿದ್ಯೆ ಅವರದು, ಹೆಸರು ನಮ್ಮವರದು, ಹಣ ಮಾಡಿದವರು ಮತ್ತಾರೋ!

ಅಮೆರಿಕದ ನತಾನಿಯಲ್ ಹೆರೆಶಾಫ್ 1876ರಲ್ಲಿ 'ಅಮರಿಲಿಸ್' ಎಂಬ ಜೋಡಿ ದೋಣಿ ಕಟ್ಟಿ ನ್ಯೂಯಾರ್ಕಿನ ಪಂದ್ಯಕ್ಕೆ ತಂದ. ವಯಸ್ಸು ಇಪ್ಪತ್ತೆಂಟು. ದೊಡ್ಡ ದೊಡ್ಡ ದೋಣಿಗಳನ್ನು ಹಿಂದೆ ಹಾಕಿಬಿಟ್ಟ. ಸೋತವರು ತಕರಾರು ತೆಗೆದರು, ಇಂಥ ದೋಣಿಯನ್ನು ಪಂದ್ಯದಿಂದಲೇ ಹೊರಗಿಟ್ಟರು. ಜೋರಾಗಿ ಓಡುವ ಹುಡುಗಿಯನ್ನು ಮಾತ್ರ ಆಟಕ್ಕೆ ಕರೆಯದ ಹಾಗೆ.

ಮತ್ತೆ ಜನರ ಕೈಗೆ ಅದು ಬಂದದ್ದು 1960ರ ದಶಕದ ಕೊನೆಗೆ. ಕ್ಯಾಲಿಫೋರ್ನಿಯಾದಲ್ಲಿ ಅಲೆಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ ಮೊದಲು ಒಬ್ಬರೇ ನಡೆಸುವ 14 ಅಡಿಯ ದೋಣಿ ಮಾಡಿದ, ಒಂದೇ ಹಾಯಿ. ಬೆನ್ನಲ್ಲೇ ಇಬ್ಬರಿಗೆಂದು ಎರಡು ಹಾಯಿಯ 16 ಅಡಿಯದನ್ನು ಮಾಡಿದ. ಈ ಎರಡನೆಯದು ಲೋಕವೆಲ್ಲ ಹಬ್ಬಿತು. ನನ್ನ ಸೊಸೆಯ ಪ್ರಶ್ನೆ ಆಗಲೇ ಹುಟ್ಟಿತ್ತೆಂದಾಯಿತು.

ಇಲ್ಲಿ ತೂಕದ ಲೆಕ್ಕ ಸ್ವಲ್ಪ ಹೇಳಬೇಕು, ಬೇಸರಪಡಬೇಡಿ. ಸಾಮಾನ್ಯ ದೊಡ್ಡ ಹಾಯಿದೋಣಿಗೆ ಅಡಿಯಲ್ಲಿ ಭಾರವಿರುತ್ತದೆ, ವಾಲಿದರೆ ತಾನೇ ಎದ್ದು ನಿಲ್ಲುತ್ತದೆ. ಕ್ಯಾಟಮರಾನಿಗೆ ಆ ಭಾರವಿಲ್ಲ. ಅಗಲವೇ ಅದರ ಬಲ, ಹಗುರವೇ ಅದರ ವೇಗ. ಗಾಳಿ ಹೆಚ್ಚಿದರೆ ಒಂದು ಒಡಲು ನೀರು ಬಿಟ್ಟು ಮೇಲೇಳುತ್ತದೆ. ಆಗ ಮನುಷ್ಯರು ಸೊಂಟಕ್ಕೆ ತಂತಿ ಸಿಕ್ಕಿಸಿಕೊಂಡು ಹೊರಗೆ ನೇತಾಡಿ ಅದನ್ನು ಒತ್ತಿ ಹಿಡಿಯಬೇಕು. ಮಗುಚಿದರಂತೂ ಹಾಗೇ ಬೋರಲು ಬೀಳುತ್ತದೆ. ಹಗ್ಗ ಹಿಡಿದು ಮೈಭಾರ ಹಾಕಿ ಎಳೆದೆಬ್ಬಿಸಬೇಕು. ಹೋಬಿ 16 ಅನ್ನು ಎಬ್ಬಿಸುವುದು ಹಗುರ ಮೈಯ ಒಬ್ಬಳಿಂದ ಆಗದ ಕೆಲಸ. ನಮ್ಮ ಹುಡುಗಿಯ ತೂಕ ವಾಡಿಯ ಒಂದು ಸಿಮೆಂಟ್ ಚೀಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಹಾಗೆಂದು ಒಬ್ಬರ ದೋಣಿ ಇಲ್ಲದಿಲ್ಲ. 'ಎ ಕ್ಲಾಸ್' ಎಂಬುದು ಒಬ್ಬರಿಗೆಂದೇ ಇರುವ ರೇಸಿನ ದೋಣಿ. ಉದ್ದ 18 ಅಡಿ, ಕನಿಷ್ಠ ತೂಕ 75 ಕಿಲೋ, ಅಂದರೆ ಒಂದೂವರೆ ಚೀಲ!

ಒಂಟಿಯಾಗಿ ಹೋದವರ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 1968ರ ಸ್ಪರ್ಧೆ. ನಿಲ್ಲದೆ, ಒಬ್ಬರೇ, ಭೂಮಿಯನ್ನು ಸುತ್ತಿ ಬರಬೇಕು. ಹೊರಟವರು ಒಂಬತ್ತು ಮಂದಿ, ಮುಗಿಸಿದವನು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬನೇ, 312 ದಿನಗಳಲ್ಲಿ. ಅವನ 'ಸುಹೇಲಿ' ಒಂದೇ ಒಡಲಿನ ನಿಧಾನದ ದೋಣಿ, ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಅದೇ ಸ್ಪರ್ಧೆಯಲ್ಲಿ ಡೊನಾಲ್ಡ್ ಕ್ರೋಹರ್ಸ್ಟ್ ವೇಗದಾಸೆಗೆ ಮೂರು ಒಡಲಿನ ದೋಣಿ ಆರಿಸಿಕೊಂಡ. ಸಾಲ ಮಾಡಿ, ಅರೆಬರೆ ತಯಾರಿಯಲ್ಲಿ ಹೊರಟ. ಮುಂದೆ ಹೋಗಲಾರ, ಹಿಂದೆ ಬರಲಾರ. ಅಟ್ಲಾಂಟಿಕ್‌ನಲ್ಲೇ ಸುಳಿದಾಡುತ್ತ ಲೋಕ ಸುತ್ತುತ್ತಿರುವಂತೆ ಸುಳ್ಳು ಸುದ್ದಿ ಕಳಿಸಿದ. 1969ರ ಜುಲೈನಲ್ಲಿ ದೋಣಿ ಖಾಲಿಯಾಗಿ ಸಿಕ್ಕಿತು. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು. ಗೆದ್ದ ನಾಕ್ಸ್-ಜಾನ್‌ಸ್ಟನ್ ತನ್ನ ಬಹುಮಾನದ 5,000 ಪೌಂಡನ್ನು ಆ ಕುಟುಂಬಕ್ಕೆ ಕೊಟ್ಟುಬಿಟ್ಟ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ದೋಣಿಯ ತಪ್ಪೋ, ಒಂಟಿತನದ ತಪ್ಪೋ, ಸಾಲದ ತಪ್ಪೋ ಹೇಳುವುದು ಕಷ್ಟ.

ಅದೇ ನಾಕ್ಸ್-ಜಾನ್‌ಸ್ಟನ್ 1994ರಲ್ಲಿ ಪೀಟರ್ ಬ್ಲೇಕ್‌ನೊಂದಿಗೆ ಕ್ಯಾಟಮರಾನ್ ಹತ್ತಿದ. ಹೆಸರು 'ಎನ್ಜಾ', ಒಟ್ಟು ಎಂಟು ಜನ. ಭೂಮಿಯನ್ನು 75 ದಿನದೊಳಗೆ ಸುತ್ತಿ ಬಂದರು. ಒಬ್ಬನಿಗೆ 312, ಎಂಟು ಜನಕ್ಕೆ 75. ಆದರೂ ಜನ ಅವನನ್ನು ನೆನೆಯುವುದು 312ಕ್ಕೇ.

ಒಲಿಂಪಿಕ್ಸ್‌ನಲ್ಲಿ 1976ರಿಂದ 2008ರವರೆಗೆ ಇದ್ದ 'ಟೊರ್ನಾಡೊ' ಇಬ್ಬರ ದೋಣಿ. 2016ರಲ್ಲಿ ಬಂದ 'ನಾಕ್ರಾ 17' ಕೂಡ ಇಬ್ಬರದು, ಆದರೆ ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇರಲೇಬೇಕೆಂದು ನಿಯಮ. ಆ ಸಲ ರಿಯೋದಲ್ಲಿ ಚಿನ್ನ ಗೆದ್ದವರು ಅರ್ಜೆಂಟೀನಾದ ಸ್ಯಾಂಟಿಯಾಗೊ ಲಾಂಗೆ, ಸಿಸಿಲಿಯಾ ಕರಾಂಜಾ. ಲಾಂಗೆಗೆ ಆಗ 54. ಕ್ಯಾನ್ಸರಿನಿಂದ ಹಿಂದಿನ ವರ್ಷವಷ್ಟೇ ಶ್ವಾಸಕೋಶದ ಒಂದು ಭಾಗ ತೆಗೆದಿದ್ದರು. ಐವತ್ತು ದಾಟಿದ ನಾವು ಮೊಣಕಾಲು ಹಿಡಿದುಕೊಂಡು ಕೂಡುತ್ತೇವೆ, ನೋಡಿ! ಸಿಸಿಲಿಯಾ ಅದಕ್ಕೂ ಮೊದಲು 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ದೋಣಿಯಲ್ಲಿ ಸ್ಪರ್ಧಿಸಿದ್ದವಳು. ಒಂಟಿಯಾಗಿ ಕಲಿತವಳು ಜೋಡಿಯಲ್ಲಿ ಗೆದ್ದಳು. ಇದನ್ನು ತಮ್ಮನಿಗೆ ಹೇಳಿದೆ. ನಮ್ಮ ನೌಕಾಪಡೆಯ 'ತಾರಿಣಿ'ಯ ಸಂಗತಿಯನ್ನೂ ಹೇಳಿದೆ. ಕ್ಯಾಟಮರಾನ್ ಅಲ್ಲ, ಒಂದೇ ಒಡಲಿನದು. 2017-18ರಲ್ಲಿ ಆರು ಮಹಿಳೆಯರು ಅದರಲ್ಲಿ ಭೂಮಿ ಸುತ್ತಿದರು. 2024-25ರಲ್ಲಿ ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಇಬ್ಬರೇ ಸುತ್ತಿ ಬಂದರು. ತಮ್ಮ "ಹೂಂ" ಎಂದ.

ಅವನಿಗೆ ಇನ್ನೊಂದು ದೋಣಿಯ ಕಥೆ ನೆನಪು ಮಾಡಿದೆ. ಅದು ಅವನದೇ. 1973ರ ಭಾದ್ರಪದ, ಕಾಗಿಣಾ ತುಂಬಿ ಬಂದಿತ್ತು. ಅವ್ವನಿಗೆ ಹೆರಿಗೆ ನೋವು. ಆಚೆ ದಡಕ್ಕೆ ಹೋಗಲು ಹರಿಗೋಲು ಒಂದೇ. ನಾನು ಐದು ವರ್ಷದವಳು, ಅಜ್ಜಿಯ ಸೆರಗು ಹಿಡಿದು ದಡದಲ್ಲಿ ನಿಂತಿದ್ದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರಲ್ಲೇ ತುಂಗಭದ್ರೆಯ ಹರಿಗೋಲು ನೋಡಿ, ಇದು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆಂದು ಬರೆದಿಟ್ಟಿದ್ದಾನೆ. ಅವ್ವನದೂ ಹಾಗೇ ಸುತ್ತುತ್ತಾ ಹೊರಟಿತು. ಹೊರಡುವ ಮುಂಚೆ ಅಂಬಿಗ, "ಒಬ್ಬಾಕಿನ್ನೇ ಕೂಡಿಸಿದ್ರ ವಾಲ್ತದ, ಎದುರಿಗೆ ಇಬ್ಬರು ಕೂಡ್ರಿ" ಎಂದ. ಸೂಲಗಿತ್ತಿಯೂ ಪಕ್ಕದ ಮನೆಯಾಕೆಯೂ ಹತ್ತಿ ಕೂತರು. ಆ ಪಕ್ಕದ ಮನೆಯಾಕೆಗೂ ನಮ್ಮ ಮನೆಗೂ ಅದಕ್ಕೆ ಹಿಂದಿನ ಎರಡು ವರ್ಷ ಮಾತಿರಲಿಲ್ಲ. ತಮ್ಮ ಹುಟ್ಟಿದ್ದು ಆಚೆ ದಡದಲ್ಲಿ.

"ಅದಕ್ಕ ಹೇಳ್ತೀನಿ, ಒಬ್ಬಾಕಿನೇ ಬ್ಯಾಡ ಅಂತ" ಎಂದ ಅವನು. ಕಥೆ ಅವನ ಕಡೆಗೇ ವಾಲಿತು!

ಹುಡುಗಿಗೆ ನಾನು ಓದಿದ್ದನ್ನೆಲ್ಲ ಹೇಳಿದೆ, ಹೀಗೇ ಮಾಡೆಂದು ಹೇಳಲಿಲ್ಲ. ತಿಂಗಳಾದ ಮೇಲೆ ಅವಳು ಹಳೆಯ 'ಫಾರ್ಮುಲಾ 16' ಕೊಂಡಳು. ಐದು ಮೀಟರಿನ ದೋಣಿ. ಮುಂದಿನ ಹಾಯಿ ಬಿಚ್ಚಿಟ್ಟು ಒಬ್ಬರೇ ರೇಸಿಗೆ ಇಳಿಯಬಹುದು, ಕಟ್ಟಿಕೊಂಡು ಇಬ್ಬರೂ ಇಳಿಯಬಹುದು, ಎರಡಕ್ಕೂ ನಿಯಮದಲ್ಲಿ ಜಾಗವಿದೆ. ಮಗುಚಿದಾಗ ಒಬ್ಬಳೇ ಎಬ್ಬಿಸಲು ದಡದ ಹತ್ತಿರ, ತಿಳಿದವರನ್ನು ಪಕ್ಕದಲ್ಲಿಟ್ಟುಕೊಂಡು, ನಾಲ್ಕು ಭಾನುವಾರ ಅಭ್ಯಾಸ ಮಾಡಿದಳಂತೆ. ಮೂರನೇ ವಾರ ಎದ್ದಿತಂತೆ.

ಮೊನ್ನೆ ಮತ್ತೆ ಫೋನು. ನಾನು ಬೇಸಿಗೆ ರಜೆಗೆ ಅಲ್ಲಿಗೆ ಹೋಗುವ ಮಾತಿತ್ತು.

"ಅತ್ತಿ, ನಿನ್ನ ತೂಕ ಎಷ್ಟದ?"

"ಯಾಕವ್ವಾ?"

"ಎರಡನೇ ಸೀಟು ಖಾಲಿ ಅದ. ಗಾಳಿ ಜೋರಿದ್ದಾಗ ನಿನ್ನಂಥವರು ಬೇಕು."

ತೂಕ ಹೇಳಲಿಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ.