ಅವ್ರೋ ಬೆನ್ನ ಮೇಲಿನ ತಟ್ಟೆ

ಇವತ್ತಿನ ಸಂಚಿಕೆ ಪ್ಲಾಸ್ಟಿಕ್ ವಿಮಾನದಿಂದ ಶುರುವಾಗಿ ನಿಜವಾದ ಒಂದು ವಿಮಾನದ ಹತ್ತಿರ ಹೋಗುತ್ತೆ.

ಮಾಡೆಲ್ ಕಟ್ಟೋರಲ್ಲಿ ಒಂದು ಪಂಗಡ ಇದೆ. ಇವರಿಗೆ ಡಬ್ಬದ ಮೇಲಿನ ಚಿತ್ರ ನೋಡಿ ಅದರಂತೆಯೇ ಮಾಡಿದರೆ ಸಮಾಧಾನ ಇಲ್ಲ. ಏರ್‌ಬಸ್ ಎ320 ಕಿಟ್ ತರಿಸ್ತಾರೆ, ಕಿಟಕಿಗಳನ್ನೆಲ್ಲ ಪುಟ್ಟಿ ಹಾಕಿ ಮುಚ್ತಾರೆ, ಬೆನ್ನ ಮೇಲೆ ರೇಡಾರ್ ತಟ್ಟೆ ಕೂರಿಸ್ತಾರೆ, ಮೈಗೆಲ್ಲ ಬೂದು ಬಣ್ಣ ಹೊಡೆದು ವಾಯುಪಡೆಯ ಚಕ್ರ ಅಂಟಿಸ್ತಾರೆ. ಅಂಥ ವಿಮಾನ ಎಲ್ಲೂ ಇಲ್ಲ. ‘ಇದ್ದಿದ್ದರೆ ಹೇಗಿರ್ತಿತ್ತು’ ಅನ್ನೋದೇ ಆಟ. ಹಾಗಾಗಿ ಇದಕ್ಕೆ ‘ವಾಟ್ ಇಫ್’ ಮಾಡೆಲ್ ಅಂತಾನೇ ಹೆಸರು.

ಇದನ್ನ ಹುಡುಗಾಟ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಪ್ರಯಾಣಿಕರ ವಿಮಾನಕ್ಕೆ ಸೇನೆಯ ವೇಷ ಹಾಕೋದು ನಮ್ಮ ದೇಶದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ನಿಜವಾಗಿಯೂ ನಡೆದ ಕೆಲಸ. ಒಂದು ಸಲ ಅದಕ್ಕೆ 8 ಜನರ ಪ್ರಾಣ ಹೋಯಿತು.

ಮೊದಲು ಡಕೋಟಾ. ಡಗ್ಲಸ್ ಡಿಸಿ-3 ಹಾರಿದ್ದು 1935ರ ಡಿಸೆಂಬರ್ 17ರಂದು, ಸಾಹುಕಾರರು ಕೂತು ಹೋಗಲಿ ಅಂತ. ಯುದ್ಧ ಬಂತು. ಅದೇ ವಿಮಾನಕ್ಕೆ ದೊಡ್ಡ ಬಾಗಿಲು, ಗಟ್ಟಿ ನೆಲ ಹಾಕಿ ಸಿ-47 ಅಂತ ಕರೆದರು. 10,000ಕ್ಕೂ ಹೆಚ್ಚು ಮಾಡಿದರು. ಇತ್ತ ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಕೈಗೆ ಹೋಯಿತು. ಸಿ-47ಗಳು ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಕೆಲಸ ತಿರುಗುಮುರುಗಾಯ್ತು ನೋಡ್ರಿ. ಉಳಿದುಹೋದ ಸೇನಾ ಡಕೋಟಾಗಳನ್ನು ಅದೇ ಕಾರ್ಖಾನೆ ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸಿತು. 1947ರ ಅಕ್ಟೋಬರ್ 27ರಂದು ದೆಹಲಿಯಿಂದ ಶ್ರೀನಗರಕ್ಕೆ ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಹೊರಟವುಗಳಲ್ಲಿ ವಾಯುಪಡೆಯ ಡಕೋಟಾಗಳ ಜೊತೆ ಖಾಸಗಿ ಕಂಪನಿಗಳ ಡಕೋಟಾಗಳೂ ಇದ್ದವು. ಯಾವುದು ಸೇನೆಯದು, ಯಾವುದು ನಾಗರಿಕರದು ಅನ್ನೋ ಗೆರೆ ಅಷ್ಟು ತೆಳ್ಳಗಿತ್ತು.

ಆಮೇಲೆ ಸೂಪರ್ ಕಾನ್‌ಸ್ಟೆಲೇಷನ್. ಏರ್ ಇಂಡಿಯಾದ ಈ ವಿಮಾನಗಳಿಗೆ ‘ರಾಣಿ’ ಅಂತ ಸೇರಿಸಿ ಹೆಸರಿಡುತ್ತಿದ್ದರು. ಜೆಟ್ ವಿಮಾನ ಬಂದವು, ರಾಣಿಯರು ಹಳಬರಾದರು. 1960ರ ದಶಕದ ಆರಂಭದಲ್ಲಿ ಅವು ವಾಯುಪಡೆಗೆ ಹೋದವು, ಸಮುದ್ರ ಕಾಯೋ ಕೆಲಸಕ್ಕೆ ಸೇರಿದವು. 1976ರಲ್ಲಿ ನೌಕಾಪಡೆ ಅವನ್ನು ತೆಗೆದುಕೊಂಡು 312ನೇ ಸ್ಕ್ವಾಡ್ರನ್ ಕಟ್ಟಿತು. ಈ 312 ನೆನಪಿರಲಿ, ಮತ್ತೆ ಬರುತ್ತೆ. ಆ ರಾಣಿಯರಲ್ಲಿ ಒಂದು ಗೋವಾದ ನೌಕಾ ವಿಮಾನ ವಸ್ತುಸಂಗ್ರಹಾಲಯದಲ್ಲಿ ಈಗಲೂ ನಿಂತಿದೆ. ಗೋವಾಕ್ಕೆ ಹೋದೋರು ಬೀಚು ನೋಡಿಕೊಂಡು ಬರ್ತಾರೆ, ಇದನ್ನ ನೋಡೋದಿಲ್ಲ. ಮೂರು ಬಾಲದ ವಿಮಾನ, ಮೀನಿನ ಹಾಗೆ ಬಾಗಿದ ಮೈ. ಹೋಗಿ ಬನ್ನಿ.

ಈಗ ಅವ್ರೋಗೆ ಬರೋಣ. ವಿಷಯ ಇರೋದೇ ಇಲ್ಲಿ.

ಅವ್ರೋ 748 ಅನ್ನೋದು ಬ್ರಿಟನ್ನಿನ ಸಣ್ಣ ಪ್ರಯಾಣಿಕರ ವಿಮಾನ. ಎರಡು ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್, ಐವತ್ತರ ಒಳಗೆ ಸೀಟು. 1960ರ ಜೂನ್ 24ರಂದು ಅಲ್ಲಿ ಮೊದಲ ಬಾರಿ ಹಾರಿತು. ಮರುವರ್ಷದ ನವೆಂಬರ್‌ನಲ್ಲಿ ನಮ್ಮ ಕಾನ್ಪುರದಲ್ಲಿ ಜೋಡಿಸಿದ್ದೂ ಹಾರಿತು. ಅದಕ್ಕೆ ವಾಯುಪಡೆಯ ಮುಖ್ಯಸ್ಥರಾಗಿದ್ದ ಸುಬ್ರೊತೊ ಮುಖರ್ಜಿ ಅವರ ನೆನಪಿಗೆ ‘ಸುಬ್ರೊತೊ’ ಅಂತ ಹೆಸರಿಟ್ಟರು. ಒಟ್ಟು 89 ಅವ್ರೋಗಳು ಕಾನ್ಪುರದಲ್ಲಿ ತಯಾರಾದವು. ವಾಯುಪಡೆಗೂ ಹೋದವು, ಇಂಡಿಯನ್ ಏರ್‌ಲೈನ್ಸ್‌ಗೂ ಹೋದವು. ಮಂಗಳೂರಿನ ಬಜ್ಪೆಗೆ ಇಳಿಯುತ್ತಿದ್ದದ್ದೂ ಅವ್ರೋನೇ.

1980ರ ದಶಕದ ನಡುವೆ ಡಿಆರ್‌ಡಿಒದವರು ಒಂದು ಯೋಚನೆ ಮಾಡಿದರು. ಆಕಾಶದಲ್ಲೇ ಹಾರುತ್ತಾ ದೂರದ ವಿಮಾನಗಳನ್ನು ಹಿಡಿಯೋ ರೇಡಾರ್ ನಮಗೂ ಬೇಕು. ನೆಲದ ಮೇಲಿನ ರೇಡಾರಿಗೆ ಗುಡ್ಡ ಅಡ್ಡ ಬರುತ್ತೆ, ಭೂಮಿಯ ಬಾಗೂ ಅಡ್ಡ ಬರುತ್ತೆ. ಮೇಲೆ ಹೋದರೆ ಆ ತೊಂದರೆ ಇಲ್ಲ. ಅಮೆರಿಕ ಬೋಯಿಂಗ್ 707 ಮೇಲೆ ತಟ್ಟೆ ಇಟ್ಟು ಇದನ್ನ ಮಾಡಿತ್ತು. ನಮ್ಮ ಕೈಯಲ್ಲಿದ್ದದ್ದು ಅವ್ರೋ. ಅದರ ಬೆನ್ನ ಮೇಲೆ ಕಾಲು ನೆಟ್ಟು ಸುಮಾರು 24 ಅಡಿ ಅಗಲದ, ತಿರುಗುವ ತಟ್ಟೆ ಕೂರಿಸಿದರು. ಯೋಜನೆಯ ಹೆಸರು ಐರಾವತ. 1990ರ ಕೊನೆಯ ಹೊತ್ತಿಗೆ ತಟ್ಟೆ ಹೊತ್ತ ಅವ್ರೋ ಹಾರಿತು. ಮುಂದಿನ ವರ್ಷ ಈ ಕೆಲಸಕ್ಕೆಂದೇ ಬೆಂಗಳೂರಿನಲ್ಲಿ ಒಂದು ಪ್ರಯೋಗಾಲಯ ಶುರುವಾಯಿತು. ಚಿಕ್ಕದಾಗಿ ಅದನ್ನ ಕ್ಯಾಬ್ಸ್ ಅಂತಾರೆ.

ಮಾಡೆಲ್ ಕಟ್ಟೋರ ಕಣ್ಣಿಂದ ಈ ವಿಮಾನ ನೋಡ್ರಿ, ಅರ್ಥ ಬೇಗ ಆಗುತ್ತೆ. ಪ್ರಯಾಣಿಕರ ವಿಮಾನದ ಕಿಟ್‌ಗಳು ಹೆಚ್ಚಾಗಿ ಬರೋದು 1:144 ಅಳತೆಯಲ್ಲಿ, ಅಂದರೆ 12 ಅಡಿಗೆ 1 ಇಂಚು. ಆ ಅಳತೆಯಲ್ಲಿ 20.4 ಮೀಟರ್ ಉದ್ದದ ಅವ್ರೋ 14 ಸೆಂಟಿಮೀಟರ್ ಆಗುತ್ತೆ. ತಟ್ಟೆ 2 ಇಂಚು. ಒಂದು ಗೇಣಿಗಿಂತ ಚಿಕ್ಕ ವಿಮಾನದ ಮೇಲೆ ಸಣ್ಣ ನಿಪ್ಪಟ್ಟಿನಷ್ಟು ಅಗಲದ ಹೊರೆ. ಉದ್ದದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಅಮೆರಿಕದ ಬೋಯಿಂಗ್ 46.6 ಮೀಟರ್ ಉದ್ದ, ಅದರ ತಟ್ಟೆ 9.1 ಮೀಟರ್. ಅಂದರೆ ಐದನೇ ಒಂದು ಭಾಗ ಅಷ್ಟೇ.

ಹಾಗಂತ ತಟ್ಟೆ ದೊಡ್ಡದಾಯ್ತು, ಅದಕ್ಕೇ ಹೀಗಾಯ್ತು ಅಂತ ತೀರ್ಪು ಕೊಡೋಕಾಗಲ್ಲ. ಅಮೆರಿಕದ ನೌಕಾಪಡೆಯಲ್ಲಿ ಹಾಕೈ ಅಂತ ಒಂದು ವಿಮಾನ ಇದೆ. ಅವ್ರೋ ಹುಟ್ಟಿದ 1960ರಲ್ಲೇ ಹುಟ್ಟಿದ್ದು, ಅವ್ರೋಗಿಂತ ಗಿಡ್ಡ, ಅದರ ತಟ್ಟೆಯೂ 24 ಅಡಿ. ಇವತ್ತಿಗೂ ಹಾರುತ್ತಿದೆ. ಆದರೆ ಹಾಕೈಯನ್ನು ಮೊದಲ ಗೆರೆ ಎಳೆಯುವಾಗಲೇ ತಟ್ಟೆಗೋಸ್ಕರ ಬರೆದಿದ್ದು. ಅದರ ಬಾಲ ನೋಡಿ. ಎತ್ತರದ ಒಂದು ಬಾಲದ ಬದಲು ಗಿಡ್ಡದಾದ ನಾಲ್ಕು ಹಲಗೆ ನಿಲ್ಲಿಸಿದ್ದಾರೆ. ಅವ್ರೋದ್ದು ಪ್ರಯಾಣಿಕರಿಗೆ ಅಂತ ಬರೆದ ನಕ್ಷೆ, ಎತ್ತರದ ಒಂದೇ ಬಾಲ. ತಟ್ಟೆ ಆಮೇಲೆ ಬಂದದ್ದು.

1999ರ ಜನವರಿ 11. ತಮಿಳುನಾಡಿನ ಅರಕ್ಕೋಣಂನಲ್ಲಿರುವ ನೌಕಾಪಡೆಯ ವಿಮಾನ ನೆಲೆ, ಐಎನ್‌ಎಸ್ ರಾಜಾಳಿ. ಪರೀಕ್ಷಾ ಹಾರಾಟ ಮುಗಿಸಿ ಅವ್ರೋ ಇಳಿಯೋಕೆ ಬರ್ತಾ ಇತ್ತು. ಬೆನ್ನ ಮೇಲಿನ ತಟ್ಟೆ ಕಳಚಿ ಬಾಲಕ್ಕೆ ಬಡಿಯಿತು. ವಿಮಾನ ಹಿಡಿತಕ್ಕೆ ಸಿಗಲಿಲ್ಲ. ಒಳಗಿದ್ದ ವಿಜ್ಞಾನಿಗಳು, ವಾಯುಪಡೆಯವರು, ಎಂಟೂ ಜನ ಹೋಗಿಬಿಟ್ಟರು. ಯೋಜನೆ ಅಲ್ಲಿಗೆ ನಿಂತಿತು.

ನನಗೆ ಬೇಸರ ಏನಂದ್ರೆ, ಈ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ತೇಜಸ್ ಗೊತ್ತು, ಮರುತ್ ಗೊತ್ತಿರೋ ಹಿರಿಯರೂ ಸಿಗ್ತಾರೆ. ಐರಾವತ ಅಂದರೆ ಕೆಎಸ್‌ಆರ್‌ಟಿಸಿ ಬಸ್ ನೆನಪಾಗುತ್ತೆ. ಗೆದ್ದ ವಿಮಾನದ ಪೋಸ್ಟರು ಶಾಲೆ ಗೋಡೆಗೆ ಬರುತ್ತೆ, ಬಿದ್ದದ್ದರ ಚಿತ್ರ ಯಾರೂ ಹಾಕಲ್ಲ. ಹಾಗಾಗಿ ಕಾಲ್ಪನಿಕ ಎ320 ಮಾಡೋಕೆ ಮೊದಲು ಈ ನಿಜವಾದ ಅವ್ರೋವನ್ನೇ ಒಂದು ಸಲ ಕೈಯಾರೆ ಮಾಡಿ ನೋಡಿ ಅಂತೀನಿ.

ಮಾಡೋದು ಹೇಗೆ? ಅವ್ರೋ ಕಿಟ್ ಬೋಯಿಂಗ್, ಏರ್‌ಬಸ್‌ನಷ್ಟು ಸುಲಭಕ್ಕೆ ಸಿಗೋದಿಲ್ಲ. ಮರದಲ್ಲಿ ಕೆತ್ತಿದರೂ ತಪ್ಪಿಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲೆ ಮಕ್ಕಳ ಹತ್ತಿರ 5 ಲಕ್ಷ ಮಾಡೆಲ್ ಕೇಳಿದಾಗ ಅವರು ಕೆತ್ತಿದ್ದು ಮರದಲ್ಲೇ. ಶತ್ರು ವಿಮಾನ ಯಾವುದು, ನಮ್ಮದು ಯಾವುದು ಅಂತ ಸೈನಿಕರಿಗೆ ಕಲಿಸೋಕೆ ಅವು ಬೇಕಿತ್ತು. ತಟ್ಟೆಗೆ ಎರಡು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಬೆನ್ನಿಗೆ ಬೆನ್ನು ಅಂಟಿಸಿ, ಅಂಚು ಉಜ್ಜಿ ತೆಳುವು ಮಾಡಿ. ಕಿಟಕಿ ಮುಚ್ಚೋಕೆ ಗ್ಯಾರೇಜಿನವರು ಕಾರಿಗೆ ಬಳಸೋ ಎನ್‌ಸಿ ಪುಟ್ಟಿ ಸಾಕು, ಪೇಂಟ್ ಅಂಗಡಿಯಲ್ಲಿ ಟ್ಯೂಬ್ ಸಿಗುತ್ತೆ. ತೆಳುವಾಗಿ ಹಚ್ಚಿ, ಅದರ ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತೆ.

ತಟ್ಟೆ ಕೂರಿಸಿ ಚಕ್ರದ ಮೇಲೆ ನಿಲ್ಲಿಸ್ತೀರಲ್ಲ, ಆಗ ವಿಮಾನದ ಮೂಗು ಮೇಲೇಳಬಹುದು, ಬಾಲ ನೆಲಕ್ಕೆ ಕೂರಬಹುದು. ಹೊಳೆಯಲ್ಲಿ ಗಾಳ ಹಾಕೋರ ಹತ್ತಿರ ಸೀಸದ ಗುಂಡು ಇರುತ್ತೆ, ಹೊನ್ನಾಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಒಂದೆರಡನ್ನ, ಎರಡು ಹೋಳು ಅಂಟಿಸೋ ಮೊದಲೇ ಮೂಗಿನೊಳಗೆ ಇಡಬೇಕು. ಬೆನ್ನಿಗೆ ಹೊಸ ಭಾರ ಸೇರಿದರೆ ಇಡೀ ವಿಮಾನದ ಲೆಕ್ಕ ಬದಲಾಗುತ್ತೆ ಅನ್ನೋದು ಆ ಸೀಸದ ಗುಂಡು ಕೈಯಲ್ಲಿ ಹಿಡಿದಾಗ ತಿಳಿಯುತ್ತೆ. ಎಂಜಿನಿಯರುಗಳಿಗೆ ಅದರ ಮೇಲೆ ಗಾಳಿಯ ಲೆಕ್ಕ ಬೇರೆ. ನಮ್ಮ ಮೇಜಿನ ಮೇಲೆ ಗಾಳಿ ಬೀಸಲ್ಲ.

ಬಣ್ಣದ ವಿಷಯ. ಮಳೆಗಾಲದಲ್ಲಿ ಚನ್ನಗಿರಿ, ನ್ಯಾಮತಿ ಕಡೆ ಸ್ಪ್ರೇ ಹೊಡೆಯಬೇಡಿ. ಗಾಳಿಯಲ್ಲಿನ ತೇವಕ್ಕೆ ಲ್ಯಾಕರ್ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತೆ. ಜಗಳೂರಿನವರಿಗೆ ಆ ಕಾಟ ಕಡಿಮೆ, ಅಲ್ಲಿ ದೂಳು ನೋಡ್ಕೋಬೇಕು. ವಾಯುಪಡೆಯ ಅವ್ರೋಗಳಿಗೆ ಮೇಲೆ ಬಿಳಿ, ಪಕ್ಕದಲ್ಲಿ ನೀಲಿ ಪಟ್ಟೆ ಇರುತ್ತಿತ್ತು, ಪ್ರಯಾಣಿಕರ ವಿಮಾನದ ಹಾಗೇ. ಕಾಲ್ಪನಿಕ ಮಾಡೋರು ನೇರ ಬೂದು ಬಣ್ಣಕ್ಕೆ ಕೈ ಹಾಕ್ತಾರೆ. ಸಿನಿಮಾ ನೋಡಿ ಬಂದ ಅಭ್ಯಾಸ ಇರಬೇಕು. ವಾಯುಪಡೆಯ ಚಕ್ರದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಉಲ್ಟಾ ಹಾಕಿದ ಮಾಡೆಲ್ ಎಷ್ಟು ನೋಡಿದೀನಿ ಅಂದ್ರೆ, ಬಿಡಿ.

ಅವ್ರೋ ಬಿದ್ದ ಮೇಲೆ ಏನಾಯ್ತು? 2004ರಲ್ಲಿ ಸರ್ಕಾರ ಇಸ್ರೇಲ್ ರೇಡಾರ್, ರಷ್ಯಾದ ಐಎಲ್-76 ವಿಮಾನ ಸೇರಿಸಿ ಮೂರು ಕೊಳ್ಳೋ ಒಪ್ಪಂದ ಮಾಡಿಕೊಂಡಿತು. ಮೊದಲನೆಯದು ಬಂದದ್ದು 2009ರ ಮೇನಲ್ಲಿ. ಬೆಂಗಳೂರಿನ ಕ್ಯಾಬ್ಸ್‌ನವರೂ ಕೈಬಿಡಲಿಲ್ಲ. ಬ್ರೆಜಿಲ್‌ನ ಎಂಬ್ರೇಯರ್ 145 ಅನ್ನೋ ಸಣ್ಣ ಪ್ರಯಾಣಿಕರ ಜೆಟ್ ತೆಗೆದುಕೊಂಡರು. ಈ ಸಲ ತಿರುಗೋ ತಟ್ಟೆ ಇಲ್ಲ, ಬೆನ್ನ ಮೇಲೆ ಉದ್ದಕ್ಕೆ ಅಲುಗಾಡದ ಒಂದು ತೊಲೆ. ಎರಡೂ ಪಕ್ಕ ಸೇರಿ 240 ಡಿಗ್ರಿ ನೋಡುತ್ತೆ. ಹೆಸರು ನೇತ್ರ. 2017ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅದನ್ನ ವಾಯುಪಡೆಗೆ ಒಪ್ಪಿಸಿದರು. 1999ರಿಂದ ಎಣಿಸಿದರೆ 18 ವರ್ಷ.

2021ರಲ್ಲಿ ಇನ್ನೂ ದೊಡ್ಡ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಏರ್ ಇಂಡಿಯಾ ಹತ್ತಿರ ಇದ್ದ ಆರು ಏರ್‌ಬಸ್ ವಿಮಾನಗಳ ಮೇಲೆ ರೇಡಾರ್, ಸುಮಾರು 11,000 ಕೋಟಿ ರೂಪಾಯಿ. ನಾನು ಬಿಕಾಂ ಓದಿದವನು, ಇದರ ಆಸೆ ನನಗೆ ಅರ್ಥ ಆಗುತ್ತೆ. ಸವಕಳಿ ಕಳೆದ ಮೇಲೆ ಪುಸ್ತಕದಲ್ಲಿ ಕಡಿಮೆ ಬೆಲೆಗೆ ನಿಂತಿರೋ ಆಸ್ತಿ, ಬಿಡಿಭಾಗ ಎಲ್ಲ ಕಡೆ ಸಿಗುತ್ತೆ, ಓಡಿಸೋಕೆ, ರಿಪೇರಿಗೆ ಜನ ಇದ್ದಾರೆ. ಅವ್ರೋ ಆರಿಸಿದಾಗಲೂ ಹೆಚ್ಚುಕಡಿಮೆ ಇದೇ ಲೆಕ್ಕ ಇದ್ದಿರಬೇಕು ಅಂತ ನನ್ನ ಊಹೆ. ಲೆಕ್ಕದ ಪುಸ್ತಕದಲ್ಲಿ ಬಾಲದ ಎತ್ತರಕ್ಕೆ ಕಾಲಂ ಇರಲ್ಲ. ಅಂದಹಾಗೆ, ಡಬ್ಬದ ಎ320ಗೆ ಬೂದು ಬಣ್ಣ ಬಳಿಯೋ ಹುಡುಗರು ಸರ್ಕಾರಕ್ಕಿಂತ ಮುಂದೆ ಇದ್ದರು ಅಂತಾಯ್ತಲ್ಲ!

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಆಗಸ್ಟ್‌ನಿಂದ ವಿಮಾನ ಇಳಿಯುತ್ತಿವೆ. ನ್ಯಾಮತಿ, ಹೊನ್ನಾಳಿಯವರಿಗೆ ಹತ್ತಿರ. ಅಲ್ಲಿಗೆ ಮೊದಲು ಬಂದ ಎಟಿಆರ್ 72, ಆ ಎರಡು ಫ್ಯಾನಿನ ವಿಮಾನ, ಅದಕ್ಕೂ ಸೇನಾ ವೇಷ ಇದೆ. ಇಟಲಿ, ಟರ್ಕಿಯಲ್ಲಿ ಸಮುದ್ರ ಕಾಯೋಕೆ ಅದನ್ನೇ ಬಳಸ್ತಾರೆ. ನಮ್ಮ ನೌಕಾಪಡೆಯ ಎಟಿಆರ್ ಮಾಡಬೇಕು ಅನ್ನೋರಿಗೆ ಒಳ್ಳೇ ವಸ್ತು, ಮೂಲ ವಿಮಾನ ಕಣ್ಣೆದುರಿಗೇ ಇದೆ.

ನಿಜವಾಗಿ ನೌಕಾಪಡೆ ಆರಿಸಿದ್ದು ಬೋಯಿಂಗ್ 737. ರಾಣಿಯರು ಹೋದ ಮೇಲೆ 312ನೇ ಸ್ಕ್ವಾಡ್ರನ್‌ಗೆ 1988ರಲ್ಲಿ ರಷ್ಯಾದ ಟಿಯು-142 ಬಂದಿತ್ತು. ಕಾರವಾರದ ಕಡಲತೀರದಲ್ಲಿ ಈಗ ಪ್ರದರ್ಶನಕ್ಕೆ ಇಟ್ಟಿರೋದು ಅಂಥದ್ದೇ ಒಂದು. ಅದರ ಜಾಗಕ್ಕೆ ಬಂದದ್ದು ಪಿ-8ಐ, ಅಂದರೆ ನಾವು ಟಿಕೆಟ್ ತಗೊಂಡು ಹತ್ತೋ 737-800ದ ಮೈಗೆ ಬೇರೆ ಕೆಲಸ ಕಲಿಸಿದ್ದು. ಸಾಲು ಕಿಟಕಿ ಇಲ್ಲ, ಹೊಟ್ಟೆಯಲ್ಲಿ ಟಾರ್ಪಿಡೊ. ಮೊದಲ ಪಿ-8ಐ 2013ರ ಮೇನಲ್ಲಿ ಬಂದಿಳಿದದ್ದು ಅರಕ್ಕೋಣಂನಲ್ಲಿ, 14 ವರ್ಷದ ಹಿಂದೆ ಅವ್ರೋ ಇಳಿಯಬೇಕಿದ್ದ ಅದೇ ನೆಲೆಯಲ್ಲಿ.