ತಾಯಿಯ ಹೆಸರಿಲ್ಲದ ಪುಟಗಳು: ಡೆನ್ಮಾರ್ಕಿನ ಹಳ್ಳಿ ಚರ್ಚುಗಳ ದಫ್ತರ

ದಾನಿ ಯಾರು, ದಾನ ಏನು ಅಂತ ತಿಳಿದ ಮೇಲೂ ಶಾಸನದ ಕೊನೆಯ ಸಾಲುಗಳನ್ನು ನಾವು ಬಿಡುವುದಿಲ್ಲ. ಸಾಕ್ಷಿಗಳ ಹೆಸರು ಸಿಗುವುದು ಅಲ್ಲೇ. ಡೆನ್ಮಾರ್ಕಿನ ಹಳ್ಳಿಯ ರೈತ ಕುಟುಂಬವೊಂದರ ಮೂಲ ಹುಡುಕುವವರಿಗೂ ಇದೇ ಅಭ್ಯಾಸ ಕೈಹಿಡಿಯುತ್ತೆ. ಅಲ್ಲಿ ಓದಬೇಕಾದದ್ದು ಕಲ್ಲನ್ನಲ್ಲ, ಪಾದ್ರಿಯ ದಫ್ತರವನ್ನು.

ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು ಅಲ್ಲಿನ ಪಾದ್ರಿಗಳಿಗೆ ಆಜ್ಞೆಯಾದದ್ದು 1645-46ರಲ್ಲಿ. ಆದರೆ ಪಾದ್ರಿಮನೆಗೆ ಬೆಂಕಿ ಬಿದ್ದು ಎಷ್ಟೋ ಊರುಗಳ ಹಳೆಯ ಪುಸ್ತಕಗಳು ಸುಟ್ಟುಹೋಗಿವೆ. 1814ರಿಂದ ಎರಡು ಪ್ರತಿ ಬರೆಯುವ ಪದ್ಧತಿ ಬಂತು; ಎರಡೂ ಒಂದೇ ಸೂರಿನಡಿ ರಾತ್ರಿ ಕಳೆಯಬಾರದು ಅನ್ನೋದು ನಿಯಮ!

ಮೊದಲ ತೊಡಕು ಹೆಸರಿನದು. ಯೆನ್ಸ್ ಪೇಡರ್ಸನ್ ಎಂಬಾತನ ಮಗ ನೀಲ್ಸ್ ಆದರೆ ಅವನು ನೀಲ್ಸ್ ಯೆನ್ಸನ್, ಮಗಳು ಮಾರೆನ್ ಆದರೆ ಮಾರೆನ್ ಯೆನ್ಸ್‌ಡ್ಯಾಟರ್. ನೀಲ್ಸನ ಮಗನೋ, ಪೇಡರ್ ನೀಲ್ಸನ್. ಹೀಗೆ ತಲೆಮಾರಿಗೊಮ್ಮೆ ಹೆಸರಿನ ಬಾಲ ಬದಲು. 1828ರಲ್ಲಿ, ಮತ್ತೆ 1856ರಲ್ಲಿ ಕಾಯಂ ಕುಟುಂಬನಾಮಕ್ಕೆ ಕಾನೂನು ಒತ್ತಾಯಿಸುವವರೆಗೂ ಹಳ್ಳಿಗಳಲ್ಲಿ ಇದೇ ನಡೆಯಿತು. ಒಂದೇ ಪ್ಯಾರಿಷ್‌ನಲ್ಲಿ ಒಂದೇ ವಯಸ್ಸಿನ ಇಬ್ಬರು ಮೂವರು ನೀಲ್ಸ್ ಯೆನ್ಸನ್ ಇರಬಹುದು. ಮೊದಲು ಸಿಕ್ಕವನನ್ನೇ ತಮ್ಮ ವಂಶವೃಕ್ಷಕ್ಕೆ ಅಂಟಿಸಿಕೊಂಡವರು ಬೇರೆಯವರ ಮುತ್ತಜ್ಜನಿಗೆ ಮೊಮ್ಮಕ್ಕಳಾಗಿಬಿಡುತ್ತಾರೆ.

ತಾರೀಖಿನ ವಿಷಯ ನಮಗೆ ಹೊಸದಲ್ಲ. ಸಂವತ್ಸರ, ತಿಥಿ, ವಾರ ಹೊಂದಿಸಿ ದಿನ ಕಂಡುಹಿಡಿಯುವವರಲ್ಲವೇ ನಾವು? ಅಲ್ಲಿನ ಪಾದ್ರಿ 'ಡೊಮ್. 3 ಪಿ. ಟ್ರಿನ್.' ಅಂತ ಬರೆದಿದ್ದರೆ ಅದು ಟ್ರಿನಿಟಿ ಹಬ್ಬದ ನಂತರದ ಮೂರನೇ ಭಾನುವಾರ. ಈಸ್ಟರ್ ಜರುಗಿದಂತೆ ಇದೂ ಜರುಗುತ್ತೆ: 1790ರಲ್ಲಿ ಜೂನ್ 20, ಮರುವರ್ಷ ಜುಲೈ 10. ಅದೂ ಸಾಮಾನ್ಯವಾಗಿ ದೀಕ್ಷಾಸ್ನಾನದ ದಿನ, ಹುಟ್ಟಿದ ದಿನವಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. 1814ಕ್ಕೆ ಮುಂಚಿನ ಎಷ್ಟೋ ಪುಸ್ತಕಗಳಲ್ಲಿ ಇರುವುದು ಇಷ್ಟೇ: ಇಂಥ ಊರಿನ ನೀಲ್ಸ್ ಯೆನ್ಸನ್‌ನ ಮಗು, ಹೆಸರು ಪೇಡರ್. ಹೆತ್ತವಳ ಹೆಸರೇ ಇಲ್ಲ! ಆದರೆ ಮಗುವನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡು ನಿಂತ ಹೆಂಗಸು ಯಾರು, ಜೊತೆಗೆ ಸಾಕ್ಷಿ ನಿಂತವರು ಯಾರು, ಅವರ ಊರು ಯಾವುದು ಎಂದು ಪಾದ್ರಿ ಬರೆದಿರುತ್ತಾನೆ. ಎತ್ತಿಕೊಂಡವಳು ಎಷ್ಟೋ ಸಲ ಮಗುವಿನ ಚಿಕ್ಕಮ್ಮನೋ ಸೋದರತ್ತೆಯೋ ಆಗಿರುತ್ತಾಳೆ. ನೀಲ್ಸನ ನಾಲ್ಕು ಮಕ್ಕಳಿಗೂ ಪಕ್ಕದ ಊರಿನ ಅದೇ ಮನೆಯವರು ಬಂದು ನಿಂತಿದ್ದರೆ, ಆ ಊರಿನ ಮದುವೆ ಪಟ್ಟಿ ತೆಗೆದು ನೋಡಬೇಕು.

ಮಕ್ಕಳ ಹೆಸರೂ ಮಾತಾಡುತ್ತವೆ. ಮೊದಲ ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರು ಇಡುವುದು ಅಲ್ಲೂ ರೂಢಿ. ಹೆಂಡತಿ ತೀರಿಕೊಂಡು ಗಂಡ ಮರುಮದುವೆಯಾದರೆ, ಎರಡನೆಯವಳಲ್ಲಿ ಹುಟ್ಟಿದ ಮೊದಲ ಮಗಳಿಗೆ ಸತ್ತವಳ ಹೆಸರಿಡುವ ಪದ್ಧತಿಯೂ ಇತ್ತು. ದಫ್ತರದಲ್ಲಿ ಎಲ್ಲೂ ಕಾಣದ ಮೊದಲ ಹೆಂಡತಿ ಹೀಗೆ ಸವತಿಯ ಮಗಳ ಹೆಸರಲ್ಲಿ ಉಳಿದುಕೊಂಡಿರುತ್ತಾಳೆ.

ಇಷ್ಟಾದರೂ ಇದು ಊಹೆ. ಗಟ್ಟಿಮಾಡಿಕೊಳ್ಳಲು 1787 ಮತ್ತು 1801ರ ಜನಗಣತಿ ಇದೆ, ಮನೆಮಂದಿಯ ಹೆಸರು, ವಯಸ್ಸು, ಸಂಬಂಧ ಸಮೇತ. ಹಳ್ಳಿಯ ಹೆಂಗಸರು ಮದುವೆಯಾದರೂ ತಂದೆಯ ಹೆಸರಿನ ಗುರುತು ಬಿಡುತ್ತಿರಲಿಲ್ಲ. ಹಾಗಾಗಿ ಗಣತಿಯಲ್ಲಿ ಹೆಂಡತಿ ಕಾರೆನ್ ಮಿಕ್ಕೆಲ್ಸ್‌ಡ್ಯಾಟರ್ ಅಂತಿದ್ದರೆ ಅವಳಪ್ಪ ಮಿಕ್ಕೆಲ್. ಸಾಕ್ಷಿಗಳು ಬರುತ್ತಿದ್ದ ಆ ಪಕ್ಕದೂರಲ್ಲಿ ಒಬ್ಬ ಮಿಕ್ಕೆಲ್ ಸಿಗಬೇಕು. ಸಿಗದಿದ್ದರೆ ಆಸ್ತಿ ಹಂಚಿಕೆಯ ಪುಸ್ತಕ ತೆರೆಯಿರಿ: ಮಿಕ್ಕೆಲ್ ಸತ್ತಾಗ ವಾರಸುದಾರರ ಪಟ್ಟಿಯಲ್ಲಿ 'ಮಗಳು ಕಾರೆನ್, ನೀಲ್ಸ್ ಯೆನ್ಸನ್‌ನ ಹೆಂಡತಿ' ಎಂಬ ಒಂದು ಸಾಲು ಇದ್ದರೆ ಕೆಲಸ ಮುಗಿಯಿತು.

ಚರ್ಚಿನ ಈ ಪುಟಗಳ ಚಿತ್ರಗಳು ಡೆನ್ಮಾರ್ಕಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗೋಥಿಕ್ ಕೈಬರಹ ಮೊದಲು ಹೆದರಿಸುತ್ತೆ. ಶಾಸನಗಳಲ್ಲಿ ಮಾಡಿದ ಹಾಗೆ, ಗೊತ್ತಿರುವ ಹೆಸರೊಂದನ್ನು ಹಿಡಿದು ಅಕ್ಷರ ಗುರುತಿಸುತ್ತಾ ಹೋಗಿ.