ನರ್ಸರಿ ಗಿಡದ ಕುಲಗೋತ್ರ

ಬೋನ್ಸಾಯ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುನ್ನೂರು ನಾನೂರು ವರ್ಷ ಬಾಳಿದ, ಮುಪ್ಪಿನ ಗಾಂಭೀರ್ಯವುಳ್ಳ ಮರ. ಆ ಕಲೆಯ ಚರಿತ್ರೆಯನ್ನು ಹೇಳುವವರೂ ಬಹುಮಟ್ಟಿಗೆ ಅಂಥ ಮರಗಳ ಬೆನ್ನು ಹಿಡಿದೇ ಹೋಗುತ್ತಾರೆ. ಜಪಾನೀಯರು ಬೆಟ್ಟದಿಂದ ಅಗೆದು ತಂದ ಮರಕ್ಕೆ ‘ಯಮಾದೋರಿ’ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಗಾಳಿ, ಹಿಮ, ಬಂಡೆಗಳು ಶತಮಾನಕಾಲ ತಿದ್ದಿದ ಮರವದು. ಕಲಾವಿದನ ಪಾಲಿಗೆ ಉಳಿಯುವುದು ಕೊನೆಯ ಕೆಲವು ಗೆರೆಗಳು ಮಾತ್ರ. ಬೇಲಿಗೆಂದು ಬೆಳೆಸಿದ ಅಗ್ಗದ ನರ್ಸರಿ ಗಿಡಕ್ಕೆ ಈ ವಂಶಾವಳಿಯಲ್ಲಿ ಎಲ್ಲಿಯ ಸ್ಥಾನ? ಆದರೂ ಈ ಕಲೆ ತವರು ಬಿಟ್ಟು ಬದುಕಿದ್ದು ಅಂಥ ಗಿಡಗಳನ್ನು ನಂಬಿ ಎಂಬುದು ನಮ್ಮ ಅಭಿಪ್ರಾಯ.

ತವರಿನಲ್ಲಿ ಅದಕ್ಕೆ ದೊರೆತ ಮರ್ಯಾದೆಯೇನೂ ಸಾಮಾನ್ಯದ್ದಲ್ಲ. 1923ರ ಭೂಕಂಪದ ನಂತರ ಟೋಕಿಯೋದ ಬೋನ್ಸಾಯ್ ಬೆಳೆಗಾರರು 1925ರಲ್ಲಿ ಓಮಿಯಾ ಎಂಬಲ್ಲಿ ತಮ್ಮದೇ ಹಳ್ಳಿಯೊಂದನ್ನು ಕಟ್ಟಿಕೊಂಡರು. ಅಲ್ಲಿ ನೆಲೆಸುವವರು ಕನಿಷ್ಠ 10 ಬೋನ್ಸಾಯ್ ಮರಗಳನ್ನಾದರೂ ಸಾಕಬೇಕು, ಎರಡಂತಸ್ತಿನ ಮನೆ ಕಟ್ಟಬಾರದು, ಗೋಡೆಗೆ ಬದಲು ಸಸ್ಯದ ಬೇಲಿಯಿರಬೇಕು, ನೋಡಬಂದವರಿಗೆ ಬಾಗಿಲು ತೆರೆದಿರಬೇಕು ಎಂಬ ಕಟ್ಟಳೆಗಳಿದ್ದವು. ಮರಕ್ಕಾಗಿ ಊರು ಕಟ್ಟಿದವರು ಅವರು.

ಕಡಲಾಚೆಗೆ ಹೋದವರಿಗೆ ಇಂಥ ಅನುಕೂಲವಿರಲಿಲ್ಲ. 1919ರಲ್ಲಿ ಅಮೆರಿಕ ಜಾರಿಗೆ ತಂದ ಸಸ್ಯ ದಿಗ್ಬಂಧನದ ನಿಯಮವು ಬೇರಿಗೆ ಮಣ್ಣು ಅಂಟಿದ ಗಿಡಗಳ ಆಮದನ್ನು ಬಹುತೇಕ ನಿಲ್ಲಿಸಿಬಿಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಜಪಾನಿನಿಂದ ಬಂದವರಿಗೆ ಕೃಷಿಭೂಮಿಯ ಒಡೆತನ ನಿಷಿದ್ಧ. ಅನೇಕರು ಪರರ ತೋಟಗಳಲ್ಲಿ ಮಾಲಿಗಳಾದರು. 1942ರಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಅಟ್ಟಲಾಯಿತು. ಕುಂಡದ ಮರಕ್ಕೆ ನಿತ್ಯವೂ ನೀರು ಬೇಕು. ಒಡೆಯನೇ ಮುಳ್ಳುತಂತಿಯೊಳಗಿದ್ದರೆ ಎರೆಯುವವರಾರು? ಯುದ್ಧ ಮುಗಿದ ಮೇಲೆ ಬೋನ್ಸಾಯ್ ಕೈಗೊಳ್ಳಬಯಸಿದವರಿಗೆ ಎದುರಿಗಿದ್ದುದು ಸ್ಥಳೀಯ ನರ್ಸರಿಗಳ ಡಬ್ಬಿಗಿಡಗಳು.

ಅಂಥವರಲ್ಲಿ ಪ್ರಮುಖನು ಜಾನ್ ನಾಕಾ. 1914ರಲ್ಲಿ ಕೊಲೊರಾಡೋದಲ್ಲಿ ಹುಟ್ಟಿ, ಎಂಟರ ವಯಸ್ಸಿಗೆ ಜಪಾನಿಗೆ ಹೋಗಿ, ಅಜ್ಜನಿಂದ ಮರ ನೋಡುವ ಬಗೆ ಕಲಿತು, 1935ರಲ್ಲಿ ಮರಳಿದವನು. ಯುದ್ಧದ ವರ್ಷಗಳನ್ನು ಕೊಲೊರಾಡೋದ ಬೇಸಾಯದಲ್ಲಿ ಕಳೆದು 1946ರಲ್ಲಿ ಲಾಸ್ ಏಂಜಲೀಸಿಗೆ ಬಂದ. ನರ್ಸರಿಗಳಲ್ಲಿ ಬೇಲಿಗೆಂದು ಮಾರುವ ಫೊಯೆಮಿನಾ ಜೂನಿಪರ್ ಎಂಬ ನೆಟ್ಟನೆಯ ಗಿಡವೇ ಅವನ ಕೈಯಲ್ಲಿ ಅರಣ್ಯವಾಯಿತು. 1948ರ ಸುಮಾರಿಗೆ ಒಂಟಿ ಗಿಡಗಳನ್ನು ಪಳಗಿಸತೊಡಗಿದ; 1964ರಲ್ಲಿ ಅವುಗಳ ಗುಂಪನ್ನು ಒಂದೇ ತಟ್ಟೆಯಲ್ಲಿ ನೆಟ್ಟ. ಕೊನೆಗೆ ಮರಗಳು ಹನ್ನೊಂದಾದವು, ಮೊಮ್ಮಕ್ಕಳಿಗೆ ಒಂದೊಂದರಂತೆ. ಹೆಸರು ‘ಗೋಶಿನ್’, ಕಾಯುವ ಚೇತನವೆಂದರ್ಥ.

ನರ್ಸರಿ ಗಿಡದಲ್ಲಿ ಪ್ರಕೃತಿ ಮಾಡದೆ ಬಿಟ್ಟ ಕೆಲಸವನ್ನೆಲ್ಲ ಮನುಷ್ಯನೇ ಮಾಡಬೇಕು. ಮೊದಲು ಮೇಲ್ಮಣ್ಣನ್ನು ಕೆದಕಿ, ಬುಡದಲ್ಲಿ ಬೇರು ಹರಡಿಕೊಂಡ ಬಗೆಯನ್ನು ನೋಡುತ್ತಾರೆ. ಸೊಗಸಾದ ಬುಡ ಕಂಡ ಕಡೆಯೇ ಮರದ ಮುಖ. ಬಳಿಕ ಬೇಡದ ರೆಂಬೆಗಳನ್ನು ಕತ್ತರಿಸಿ, ಉಳಿದವುಗಳಿಗೆ ತಂತಿ ಸುತ್ತಿ ಬಾಗಿಸುತ್ತಾರೆ. ತೊಗಟೆಯೊಳಕ್ಕೆ ತಂತಿ ಇಳಿಯುವ ಮುನ್ನ ಬಿಚ್ಚದಿದ್ದರೆ ಅದರ ಗಾಯ ವರ್ಷಗಟ್ಟಲೆ ಮಾಯದು. ಸುತ್ತಿಕೊಂಡು ಬೆಳೆದ ಬೇರುಗಳನ್ನು ಬಿಡಿಸಿ ಕತ್ತರಿಸುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸದೆ ಋತು ನೋಡಿ ಹಂತಹಂತವಾಗಿ ಮಾಡುವುದೇ ಕ್ಷೇಮ. ಜೂನಿಪರಿನ ಸ್ಥಾನದಲ್ಲಿ ನಮ್ಮ ಮುಂಬಯಿ, ಪುಣೆಗಳ ನರ್ಸರಿಗಳಲ್ಲಿ ಫೈಕಸ್, ಬೋಗನ್‌ವಿಲ್ಲಾ, ಜೇಡ್‌ಗಳಿವೆ. ಮೂರು ವರ್ಷಕ್ಕೊಮ್ಮೆ ವರ್ಗಾವಣೆಯಾಗುವ ನಮ್ಮಂಥ ನೌಕರರಿಗೆ ಲಾರಿಯಲ್ಲಿ ಸಾಮಾನಿನೊಂದಿಗೆ ಸಾಗಿಸಬಹುದಾದ ತೋಟವೂ ಇದೊಂದೇ.

1976ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷಕ್ಕೆ ಜಪಾನ್ 53 ಬೋನ್ಸಾಯ್‌ಗಳನ್ನು ಉಡುಗೊರೆಯಾಗಿತ್ತಿತು. ರಾಷ್ಟ್ರದ ಉಡುಗೊರೆಯಾದರೇನು, ಅವೂ ಮೊದಲು ದಿಗ್ಬಂಧನದಲ್ಲಿ ಕಾಲ ಕಳೆಯಬೇಕಾಯಿತು. ಅವುಗಳಲ್ಲಿ 1625ರಿಂದ ಪಳಗುತ್ತ ಬಂದ ಬಿಳಿ ಪೈನ್ ಒಂದು ಹಿರೋಶಿಮಾದ ಬಾಂಬಿಗೂ ಬದುಕುಳಿದಿತ್ತೆಂಬ ಸಂಗತಿ ಹೊರಬಿದ್ದದ್ದು 2001ರಲ್ಲಿ, ಕೊಟ್ಟ ಮನೆತನದ ಮೊಮ್ಮಕ್ಕಳು ನೋಡಬಂದಾಗ. ನಾಕಾ ತನ್ನ ಗೋಶಿನ್ ಅನ್ನು 1984ರಲ್ಲಿ ಅದೇ ಸಂಗ್ರಹಾಲಯಕ್ಕೆ ದಾನವಿತ್ತ. ವಾಷಿಂಗ್ಟನ್ನಿನ ಆ ಆವರಣದಲ್ಲಿ ಈಗ ಉತ್ತರ ಅಮೆರಿಕದ ಬೋನ್ಸಾಯ್‌ಗಳಿಗೆ ಪ್ರತ್ಯೇಕ ಮಂಟಪವಿದೆ. ಅದಕ್ಕಿಟ್ಟಿರುವುದು ನಾಕಾನ ಹೆಸರು.